ಅತ್ತರೆ ಏನು ಕೊಡ್ತೀರಿ?

ಚುಕ್ಕಿ ಆಯಮ್ಮನ ಎಡಗೈ ಹೆಬ್ಬೆರಳು ನೋಡಿದರೆ ಸಾಕು, ಅವಳ ಸರ್ವೀಸು ಎಷ್ಟೆಂದು ಹೇಳಬಹುದು. ಹತ್ತೊಂಬತ್ತು ವರ್ಷಗಳಿಂದ ಮಕ್ಕಳು ಕಚ್ಚಿ ಕಚ್ಚಿ ಆ ಬೆರಳಿನ ಗೆಣ್ಣು ಒಣಶುಂಠಿಯ ಹಾಗಾಗಿದೆ. ಸರ್ಕಾರಿ ಹಲ್ಲಾಸ್ಪತ್ರೆಯ ಎರಡನೇ ಮಹಡಿ, ಮಕ್ಕಳ ವಿಭಾಗ. ಎರಡು ಕುರ್ಚಿ, ಒಂದು ಆಪರೇಷನ್ ಕೋಣೆ, ಗೋಡೆಯ ಮೇಲೊಂದು ನಗುವ ಮೊಸಳೆ. ಬಣ್ಣ ಉದುರಿ ಉದುರಿ ಈಗ ಮೊಸಳೆಗೂ ಹುಳುಕು ಹಿಡಿದಂತೆ ಕಾಣುತ್ತದೆ. ನೆಲ ಒರೆಸುವುದು, ಉಗುಳುವ ಬಟ್ಟಲು ತೊಳೆಯುವುದು, ಒದ್ದಾಡುವ ಮಗುವಿನ ತಲೆ ಹಿಡಿಯುವುದು ಅವಳ ಕೆಲಸ. ಗುತ್ತಿಗೆಯ ಕೆಲಸ. ಕಾಯಂ ಮಾಡಿ ಎಂದು ನಾವೆಲ್ಲ ಆಸ್ಪತ್ರೆಯ ಗೇಟಿನ ಮುಂದೆ ಹದಿನೇಳು ದಿನ ಕೂತಾಗ ಅವಳು ಮೊದಲ ಸಾಲಿನಲ್ಲಿದ್ದಳು. ಯಾರೂ ಕಾಯಂ ಆಗಲಿಲ್ಲ. ಹದಿನೆಂಟನೇ ದಿನ ಒಳಗೆ ಹೋದವಳು ಮೊದಲು ಬಟ್ಟಲುಗಳನ್ನು ತೊಳೆದಳು. "ಸರ್ಕಾರ ಮಾಡಿದ ತಪ್ಪಿಗೆ ಮಕ್ಕಳ ಉಗುಳು ಯಾಕೆ ಒಣಗಬೇಕು" ಎಂದಳು.

ಅಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವು ಇನ್ನೂ ಶಾಲೆಯ ಮುಖ ನೋಡಿರುವುದಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ಅಕ್ಷರಶಃ ಹಾಗೆ. ಮುಂದಿನ ನಾಲ್ಕು ಹಲ್ಲು ಸುಟ್ಟ ಬೆಂಕಿಕಡ್ಡಿಯ ತಲೆಯಂತೆ ಕರ್ರಗೆ, ಹಿಂದಿನ ದವಡೆಯಲ್ಲಿ ಗುಳಿ. ಕುರ್ಚಿಯಲ್ಲಿ ಸುಮ್ಮನೆ ಕೂರುವ ವಯಸ್ಸಲ್ಲ. ಹಾಗಾಗಿ ಅರಿವಳಿಕೆ ಕೊಟ್ಟು ಮಲಗಿಸುತ್ತಾರೆ. ಕೀಳುವುದನ್ನು ಕಿತ್ತು, ತುಂಬುವುದನ್ನು ತುಂಬಿ, ಕೆಲವಕ್ಕೆ ಸ್ಟೀಲಿನ ಟೋಪಿ ಹಾಕಿ, ಒಂದೇ ಬೆಳಿಗ್ಗೆಯಲ್ಲಿ ಇಡೀ ಬಾಯಿ ಮುಗಿಸಿ, ಮಧ್ಯಾಹ್ನಕ್ಕೆ ಮಗುವನ್ನು ತಾಯಿಯ ಮಡಿಲಿಗೆ ಹಾಕುತ್ತಾರೆ. ಬಾಯಿ ಹೊಸದು, ಮನೆ ಹಳೆಯದು. ವರ್ಷ ತುಂಬುವುದರೊಳಗೆ ಅರ್ಧಕ್ಕರ್ಧ ಮಕ್ಕಳು ಮತ್ತೆ ಹುಳುಕು ಹೊತ್ತು ಅದೇ ಮೆಟ್ಟಿಲು ಹತ್ತುತ್ತವೆ. ಎರಡನೇ ಸಲ ಅರಿವಳಿಕೆ, ಎರಡನೇ ಸಲ ರಕ್ತ.

ಯಾವ ಮಗು ಮತ್ತೆ ಬರುತ್ತದೆ ಎಂದು ಮೊದಲೇ ತಿಳಿದರೆ ಮೂರು ತಿಂಗಳಿಗೊಮ್ಮೆ ಕರೆಸಿ ಹಲ್ಲಿಗೆ ಔಷಧಿ ಬಳಿದು ಕಾಪಾಡಬಹುದು. ಆದರೆ ತಿಂಗಳಿಗೆ ಎಂಟು ಮಕ್ಕಳನ್ನು ಮಾತ್ರ ಹಾಗೆ ಕರೆಸಲು ಸಾಧ್ಯ. ಉಳಿದವರಿಗೆ ವರ್ಷದ ತಾರೀಕು. ಆ ಎಂಟು ಯಾರು ಎಂದು ಆರಿಸಲು ವಿಭಾಗದ ಡಾಕ್ಟರಮ್ಮ ಒಂದು ಹಾಳೆ ತಯಾರಿಸಿದ್ದರು. ಹನ್ನೆರಡು ಪ್ರಶ್ನೆ, ಪ್ರತಿಯೊಂದಕ್ಕೂ ಅಂಕ. ಅಂಕ ಹೆಚ್ಚಾದರೆ ಅಪಾಯ ಹೆಚ್ಚು. ದಿನಕ್ಕೆ ಎಷ್ಟು ಸಲ ಹಲ್ಲುಜ್ಜುತ್ತೀರಿ, ಬಾಟಲಿ ಹಾಲು ಯಾವಾಗ ಬಿಡಿಸಿದಿರಿ, ಹೀಗೆ. ಐದನೇ ಪ್ರಶ್ನೆ: ಮಗುವಿಗೆ ಸಿಹಿ ಕೊಡುತ್ತೀರಾ?

ಬರೆಯಲು ಬಾರದ ತಾಯಂದಿರ ಹಾಳೆ ತುಂಬುವ ಕೆಲಸ ಆಯಮ್ಮನ ಪಾಲಿಗೆ ಬಂತು. ಏಳನೇ ತರಗತಿ ಓದಿದವಳು, ಅಕ್ಷರ ದುಂಡಗಿತ್ತು. ಎರಡು ತಿಂಗಳಲ್ಲಿ ಅವಳಿಗೆ ಐದನೇ ಪ್ರಶ್ನೆಯ ಹಣೆಬರಹ ತಿಳಿಯಿತು. ಸಿಹಿ ಅಂದರೆ ಹಬ್ಬದೂಟ, ಸಿಹಿ ಅಂದರೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿರುವುದು. ಅದನ್ನು ಯಾವ ತಾಯಿ ದಿನಾ ತರುತ್ತಾಳೆ? ಎಲ್ಲರೂ "ಇಲ್ಲ" ಅನ್ನುತ್ತಿದ್ದರು, ಸುಳ್ಳೂ ಅಲ್ಲ. ಬಿಸ್ಕತ್ತು ಸಿಹಿಯಲ್ಲ, ತಿಂಡಿ. ಸಕ್ಕರೆ ಹಾಕಿದ ಹಾಲು ಸಿಹಿಯಲ್ಲ, ಹಾಲು. ಕೆಮ್ಮಿನ ಔಷಧಿ ಸಿಹಿಯಲ್ಲ, ಔಷಧಿ. ಹಾಳೆಯಲ್ಲಿ ಸೊನ್ನೆ ಬೀಳುತ್ತಿತ್ತು, ಬಾಯಲ್ಲಿ ಗುಳಿ.

ಅವಳು ಹಾಳೆಯಲ್ಲಿಲ್ಲದ ಪ್ರಶ್ನೆಯೊಂದನ್ನು ಕೇಳತೊಡಗಿದಳು. ಎಲ್ಲ ಮುಗಿಸಿ, ಪೆನ್ನು ಮುಚ್ಚಿ, ಮಗುವಿನ ತಲೆಯ ಟೋಪಿ ಸರಿ ಮಾಡುತ್ತಾ ಕೇಳುತ್ತಿದ್ದಳು:

"ಅಲ್ಲಮ್ಮ, ಇದು ಅತ್ತರೆ ಏನು ಕೊಡ್ತೀಯ?"

"ಏನು ಕೊಡ್ಲಿ ಅಕ್ಕ. ಬೆಳಗ್ಗೆ ಐದಕ್ಕೆ ಏಳ್ತೀನಿ, ಇದು ಆಗ್ಲೇ ಶುರು ಹಚ್ಕೊಳ್ಳುತ್ತೆ. ಎರಡು ಬಿಸ್ಕತ್ತು ಕೈಗಿಟ್ರೆ ಬಸ್ಸು ಹತ್ತೋವರೆಗೂ ಸುಮ್ಮನಿರುತ್ತೆ. ಆಮೇಲೆ ಪಕ್ಕದ ಮನೆಯವರು ನೋಡ್ಕೋತಾರೆ, ಅವರೇನು ಕೊಡ್ತಾರೋ ನಂಗೊತ್ತಿಲ್ಲ. ಬಿಸ್ಕತ್ತು ಬೇಡ ಅಂದ್ರೆ ಇನ್ನೇನು, ಏಟು ಕೊಡ್ಲಾ?"

"ಏಟು ಬೇಡಮ್ಮ. ಅದಕ್ಕೂ ಹಲ್ಲು ಉದುರುತ್ತೆ."

ತಾಯಿ ನಗುತ್ತಿದ್ದಳು. ಇಂಥ ಉತ್ತರ ಬಂದಾಗ ಆಯಮ್ಮ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಮಗುವಿನ ಆಸ್ಪತ್ರೆ ಕಾರ್ಡಿನ ಮೇಲ್ತುದಿಯ ಮೂಲೆಯಲ್ಲಿ ಸಾಸಿವೆಯಷ್ಟು ಚುಕ್ಕಿ ಇಡುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ತನ್ನ ಲೆಕ್ಕ ಸರಿಯೋ ಅಲ್ಲವೋ ಎಂದು ತಾನೇ ನೋಡಿಕೊಳ್ಳುವ ಚಟ ಅದು.

ಒಂದೂವರೆ ವರ್ಷದ ಮೇಲೆ ಡಾಕ್ಟರಮ್ಮ ಮತ್ತೆ ಹುಳುಕು ಬಂದ ಮಕ್ಕಳ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಾಗ ಚುಕ್ಕಿಗಳು ಕಣ್ಣಿಗೆ ಬಿದ್ದವು.

"ಆಯಮ್ಮ, ಇದು ನೊಣದ ಹಿಕ್ಕೆನಾ, ನಿಮ್ಮ ಕೆಲಸನಾ?"

"ನಂದೇ ಮೇಡಂ. ಅಳಿಸಿಬಿಡ್ತೀನಿ."

"ಅಳಿಸಬೇಡಿ. ಏನಿದು ಹೇಳಿ."

ಹೇಳಿದಳು. ಡಾಕ್ಟರಮ್ಮ ಎರಡು ದಿನ ಕಾರ್ಡು ಎಣಿಸಿದರು. ಚುಕ್ಕಿ ಇದ್ದ ಐವತ್ತು ಮಕ್ಕಳಲ್ಲಿ ನಲವತ್ತೊಂದಕ್ಕೆ ಹುಳುಕು ಮರಳಿತ್ತು. ಹಾಳೆ ಅಪಾಯ ಎಂದು ಹೇಳಿದ ಐವತ್ತರಲ್ಲಿ ಇಪ್ಪತ್ತೇಳಕ್ಕೆ. ಆ ತಿಂಗಳಿಂದ ಎಂಟು ಜಾಗಗಳನ್ನು ಚುಕ್ಕಿ ನೋಡಿ ತುಂಬತೊಡಗಿದರು. ಬಟ್ಟಲು ತೊಳೆಯುವವಳ ಪೆನ್ಸಿಲ್ಲಿಗೆ ಅಧಿಕಾರ ಬಂತು. ಸಂಬಳ ಹೆಚ್ಚಲಿಲ್ಲ, ಹೆಸರು ಬಂತು: ಚುಕ್ಕಿ ಆಯಮ್ಮ.

ದೊಡ್ಡ ನರ್ಸಿಗೆ ಇದು ಹಿಡಿಸಲಿಲ್ಲ. ಮೂವತ್ತು ವರ್ಷದ ಸರ್ವೀಸಿನ ಹೆಂಗಸು, ನಾಲಿಗೆಯಲ್ಲೇ ಸೂಜಿ ಇಟ್ಟುಕೊಂಡವರು. "ಬಾರಮ್ಮ ಶಕುನದ ಹಲ್ಲಿ, ಇವತ್ತು ಯಾರ ಮನೆ ಮೇಲೆ ಲೊಚಗುಟ್ಟಿದೆ?" ಎನ್ನುವರು. ಇನ್ನೊಂದು ದಿನ ಎಲ್ಲರೆದುರು ಅಂದರು: "ಜಾಗ ಎಂಟು, ಪೆನ್ಸಿಲ್ಲು ನಿಂದು. ನಿನ್ನ ನೆಂಟರು ಇಷ್ಟರನ್ನ ಸೇರಿಸ್ಕೊಂಡ್ರೆ ಕೇಳೋರು ಯಾರಮ್ಮ?"

"ನನ್ನ ನೆಂಟರಿಗೆ ಹಲ್ಲೇ ಇಲ್ಲ ಸಿಸ್ಟರ್" ಎಂದು ನಗಿಸಿ ಹೋದಳು. ಆದರೆ ಆ ಮಾತು ಹಲ್ಲಿನ ಸಂದಿಯ ನಾರಿನಂತೆ ಸಿಕ್ಕಿಕೊಂಡಿತು.

ಆಯಮ್ಮನಿಗೆ ಒಬ್ಬಳೇ ಮಗಳು. ಔಷಧಿ ಡಬ್ಬಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರ ಪಾಳಿ. ಗಂಡ ಬೇರೆ ಸಂಸಾರ ಮಾಡಿಕೊಂಡು ಹೋಗಿದ್ದ. ಇವರ ಪಾಲಿಗೆ ಉಳಿದದ್ದು ಒಂದು ಹೆಣ್ಣುಮಗು, ಮೂರೂವರೆ ವರ್ಷದ್ದು. ಸಣ್ಣಗೆ, ಕರ್ರಗೆ, ಒಂದು ಕಡೆ ನಿಲ್ಲದೆ ಗೋಡೆಯಂಚಿಗೇ ಹರಿದಾಡುವ ಅದನ್ನು ಮನೆಯಲ್ಲಿ ಇರುವೆ ಎಂದು ಕರೆಯುತ್ತಿದ್ದರು. ಒಂದೇ ಕೋಣೆಯ ಮನೆ. ನಲ್ಲಿ ಮೆಟ್ಟಿಲ ಕೆಳಗೆ, ನಾಲ್ಕು ಮನೆಗೂ ಒಂದೇ. ಮಗಳು ಕೆಲಸಕ್ಕೆ ಹೊರಟಾಗ ಇರುವೆಯನ್ನು ಕೆಳಗಿನ ಮನೆಯಲ್ಲಿ ಬಿಡುತ್ತಿದ್ದಳು, ನಾಲ್ಕೂವರೆಗೆ ಆಯಮ್ಮ ಬಂದು ಎತ್ತಿಕೊಳ್ಳುತ್ತಿದ್ದಳು. ಎತ್ತಿಕೊಂಡ ಕೂಡಲೇ ಅಮ್ಮ ಬೇಕು ಎಂದು ರಾಗ ಶುರು. ದಿನವಿಡೀ ಅಳುವ ಮಕ್ಕಳ ತಲೆ ಹಿಡಿದು ಬಂದವಳಿಗೆ ಮನೆಯಲ್ಲಿ ಇನ್ನೊಂದು ಅಳು ಕೇಳುವ ತ್ರಾಣ ಇರುತ್ತಿರಲಿಲ್ಲ.

ಅವಳ ಹತ್ತಿರ ಗ್ಲೂಕೋಸ್ ಪುಡಿ ಇತ್ತು. ವಾರ್ಡಿನಲ್ಲಿ ಅರ್ಧ ಉಳಿದ ಪೊಟ್ಟಣಗಳನ್ನು ಎಸೆಯುವುದೇಕೆ ಎಂದು ತರುತ್ತಿದ್ದಳು. ಮಗು ಅತ್ತರೆ ಬೆರಳನ್ನು ಪುಡಿಯಲ್ಲಿ ಅದ್ದಿ ಬಾಯಿಗಿಡುವುದು. ಇರುವೆ ಚೀಪುತ್ತಾ ಚೀಪುತ್ತಾ ಸುಮ್ಮನಾಗುತ್ತಿತ್ತು. ಗ್ಲೂಕೋಸ್ ಅಂದರೆ ಸಿಹಿಯಲ್ಲವಲ್ಲ, ಶಕ್ತಿ. ಆಸ್ಪತ್ರೆಯೇ ಕೊಡುವುದು. ಗೊತ್ತಿರಲಿಲ್ಲವೇ ಅವಳಿಗೆ? ಗೊತ್ತಿತ್ತು. ಬೇರೆ ತಾಯಿ ಇದೇ ಮಾತು ಹೇಳಿದ್ದರೆ ಚುಕ್ಕಿಯನ್ನು ಸಾಸಿವೆಯಲ್ಲ, ಕಡಲೆಯಷ್ಟು ಇಡುತ್ತಿದ್ದಳು. ಅವಳನ್ನು ಇಲ್ಲಿ ಕಾಪಾಡುವುದಕ್ಕೆ ನನಗೂ ದಾರಿಯಿಲ್ಲ.

ಇರುವೆಯ ಹಲ್ಲು ಹೋಯಿತು. ಅದಕ್ಕೂ ಅದೇ ಆಪರೇಷನ್ ಕೋಣೆ. ಮೇಲಿನ ನಾಲ್ಕು ಕಿತ್ತರು, ಐದು ತುಂಬಿದರು, ಕೆಳಗಿನ ಎರಡು ದವಡೆ ಹಲ್ಲಿಗೆ ಸ್ಟೀಲ್ ಟೋಪಿ. ಎಚ್ಚರವಾದ ಮೇಲೆ ಅದು ಕನ್ನಡಿ ಕೇಳಿತು. "ಅಜ್ಜಿ, ನಂಗೆ ಚಮಚದ ಹಲ್ಲು ಬಂದಿದೆ" ಎಂದು ಇಡೀ ವಾರ್ಡಿಗೆ ಬಾಯಿ ತೆರೆದು ತೋರಿಸಿತು. ದೊಡ್ಡ ನರ್ಸ್ ಕೂಡ ನಕ್ಕರು.

ಹಾಳೆ ತುಂಬುವ ಹೊತ್ತು ಬಂತು. ಮೇಜಿನ ಆಚೆ ಮಗಳು, ಮಡಿಲಲ್ಲಿ ಇರುವೆ. ಈಚೆ ಆಯಮ್ಮ. ಪಕ್ಕದ ಕಪಾಟಿನ ಹತ್ತಿರ ದೊಡ್ಡ ನರ್ಸ್ ಹತ್ತಿಯುಂಡೆ ಎಣಿಸುತ್ತಾ ನಿಂತಿದ್ದರು. ಒಂದರಿಂದ ಹನ್ನೆರಡರವರೆಗೆ ಕೇಳಿದಳು, ಮಗಳು ಹೇಳಿದಳು. ಸಿಹಿ?

"ಇಲ್ಲ. ಮನೇಲಿ ಎಲ್ಲಿದೆ ಸಿಹಿ?"

ಮಗಳಿಗೆ ಪುಡಿಯ ವಿಷಯ ಗೊತ್ತಿರಲಿಲ್ಲ. ಅವಳು ಬರುವ ಹೊತ್ತಿಗೆ ಮಗು ಮಲಗಿರುತ್ತಿತ್ತು, ಪೊಟ್ಟಣ ಆಯಮ್ಮನ ಚೀಲದಲ್ಲಿರುತ್ತಿತ್ತು. ಆಯಮ್ಮ ಪೆನ್ನು ಮುಚ್ಚಿದಳು. ಮಗುವಿನ ಟೋಪಿ ಸರಿ ಮಾಡಿದಳು. ಮುಂದಿನ ಪ್ರಶ್ನೆ ಅವಳ ಬಾಯಿಂದ ಬರಲಿಲ್ಲ. ಪೆನ್ಸಿಲ್ ಕಿವಿಯ ಮೇಲೇ ಉಳಿಯಿತು.

ಚುಕ್ಕಿ ಇಟ್ಟಿದ್ದರೆ ದೊಡ್ಡ ನರ್ಸ್, ನೋಡಿ, ಮೊಮ್ಮಗಳಿಗೆ ಜಾಗ ಹಿಡಿದಳು ಎನ್ನುತ್ತಿದ್ದರು, ಊರವರ ಮಗುವೊಂದರ ಜಾಗ ಹೋಗುತ್ತಿತ್ತು, ಅದಕ್ಕೇ ಇಡಲಿಲ್ಲ: ಇದು ಅವಳು ಹೇಳುವ ಕಾರಣ. ಸುಳ್ಳಲ್ಲ. ಆದರೆ ಚುಕ್ಕಿ ಅಂದರೆ ಈ ಮನೆಯಲ್ಲಿ ಯಾರೋ ಮಗುವಿನ ಬಾಯಿ ಮುಚ್ಚಿಸಲು ಹಲ್ಲು ತಿನ್ನುತ್ತಿದ್ದಾರೆ ಎಂದು ಬರೆದಂತೆ. ತನ್ನ ಕೈಯಿಂದಲೇ ತನ್ನ ಮೇಲೆ ದೂರು ಬರೆದುಕೊಳ್ಳುವ ಗಂಡೆದೆ ಮುಷ್ಕರದ ಮೊದಲ ಸಾಲಿನಲ್ಲಿ ಕೂರುವ ಧೈರ್ಯಕ್ಕಿಂತ ದೊಡ್ಡದು. ಅದು ಅವಳಿಗೆ ಇರಲಿಲ್ಲ. ನಮ್ಮಲ್ಲಿ ಎಷ್ಟು ಜನಕ್ಕಿದೆ?

ಮನೆಗೆ ಹೋಗಿ ಪುಡಿ ನಿಲ್ಲಿಸಿದಳು. ಒಂಬತ್ತು ದಿನ ನಿಲ್ಲಿಸಿದ್ದಳು. ಹತ್ತನೇ ದಿನ ಇರುವೆ ಬಾಗಿಲಿಗೆ ತಲೆ ಚಚ್ಚಿಕೊಂಡು ಅತ್ತಿತು, ಕೆಳಗಿನ ಮನೆಯವರು ಬಂದು ಕೇಳಿದರು, ಆಯಮ್ಮನಿಗೆ ಸೊಂಟನೋವು ಹಿಡಿದುಕೊಂಡಿತ್ತು. ಒಂದೇ ಬೆರಳು ಎಂದುಕೊಂಡಳು.

ಡಾಕ್ಟರಮ್ಮ ಕಾರ್ಡಿನ ಮೂಲೆ ನೋಡಿ, ಚುಕ್ಕಿ ಇಲ್ಲವೆಂದು ವರ್ಷದ ತಾರೀಕು ಬರೆದಿದ್ದರು.

ಹತ್ತನೇ ತಿಂಗಳಲ್ಲಿ ಇರುವೆಯ ಕೆನ್ನೆ ಬಾತಿತು. ಬಲಗಣ್ಣು ಅರ್ಧ ಮುಚ್ಚಿತ್ತು, ಜ್ವರ. ಮಗಳು ಪಾಳಿ ತಪ್ಪಿಸಿ ಮಗುವನ್ನು ಹೊತ್ತು ಎರಡನೇ ಮಹಡಿ ಹತ್ತಿದಾಗ ಆಯಮ್ಮ ಮೊಸಳೆಯ ಕೆಳಗೆ ನೆಲ ಒರೆಸುತ್ತಿದ್ದಳು. ಡಾಕ್ಟರಮ್ಮ ಎಕ್ಸರೇಯನ್ನು ಬೆಳಕಿಗೆ ಹಿಡಿದರು.

"ಐದು ಹೋಗಬೇಕು. ಎರಡಕ್ಕೆ ಬೇರಿನವರೆಗೂ ಕೀವು ಇಳಿದಿದೆ. ಕೆಳಗಿಂದ ಬರೋ ದೊಡ್ಡ ಹಲ್ಲಿಗೂ ಪೆಟ್ಟು ಬಿದ್ದಿರಬಹುದು, ಅದು ಹುಟ್ಟುವಾಗಲೇ ಕಲೆ ಹೊತ್ತು ಬರುತ್ತೆ." ಆಮೇಲೆ ಕಾರ್ಡು ತಿರುಗಿಸಿ ಮೂಲೆ ನೋಡಿದರು. "ಇದಕ್ಕೆ ಚುಕ್ಕಿ ಇಲ್ವಲ್ಲ ಆಯಮ್ಮ. ಅದಕ್ಕೇ ನಾನು ಬೇರೆ ಏನೂ ನೋಡಲಿಲ್ಲ. ನಿಮ್ಮ ಕೈ ತಪ್ಪಲ್ಲ ಅಂತ."

ಆಯಮ್ಮ ಒರೆಸುವ ಬಟ್ಟೆ ಹಿಂಡುತ್ತಾ ನಿಂತಳು.

ಆ ಹೊತ್ತಿಗೆ ಅವಳ ಪ್ರಶ್ನೆ ಹಾಳೆಗೆ ಸೇರಿತ್ತು. ಹದಿಮೂರನೆಯದು, ಅಚ್ಚಾಗಿ ಬಂದಿತ್ತು. ಹಾಳೆ ತುಂಬಲು ಹೊಸದಾಗಿ ಬಂದ ವಿದ್ಯಾರ್ಥಿನಿ, ಇನ್ನೂ ಬಿಳಿ ಕೋಟಿನ ಮಡಿಕೆ ಹೋಗದ ಹುಡುಗಿ, ಮಗಳ ಎದುರು ಕೂತು ಶಾಲೆಯ ಪಾಠದಂತೆ ಓದಿದಳು: "ಮಗು ಅತ್ತರೆ ಏನು ಕೊಡ್ತೀರಿ?"

"ನನ್ನ ಮುಂದೆ ಇದು ಅಳೋದೇ ಇಲ್ಲ ಮೇಡಂ" ಎಂದಳು ಮಗಳು. "ಅಳೋ ಹೊತ್ತಿಗೆ ನಾನು ಮನೇಲಿರಲ್ಲ."

ಬಾತ ಕೆನ್ನೆಯ ಇರುವೆ ತಾಯಿಯ ಹೆಗಲಿಂದ ತಲೆಯೆತ್ತಿ, ಗೊತ್ತಿರುವ ಉತ್ತರ ಹೇಳುವ ಮಗುವಿನ ಹಾಗೆ ಹೇಳಿತು: "ಅಜ್ಜಿ ಪುಡಿ ಕೊಡುತ್ತೆ. ಬೆರಳಲ್ಲಿ."

"ಯಾವ ಪುಡಿ ಕಂದಾ?"

"ಬಿಳೀದು. ಆಸ್ಪತ್ರೆದು."

ಮಗಳು ನಿಧಾನಕ್ಕೆ ತಿರುಗಿದಳು. ಗಲಾಟೆ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

"ಊರಲ್ಲಿರೋ ತಾಯಂದಿರನ್ನೆಲ್ಲ ಕೇಳ್ತಿದ್ಯಂತಲ್ಲಮ್ಮ ಇದನ್ನ. ನನ್ನ ಯಾಕೆ ಕೇಳಲಿಲ್ಲ?"

ದೊಡ್ಡ ನರ್ಸ್ ಅಲ್ಲೇ ಇದ್ದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಾನಿಯಲ್ಲಿ ಬಿದ್ದಿತ್ತು, ಆ ಗಾದೆ ನರ್ಸಿನ ನಾಲಿಗೆಯ ತುದಿಯಲ್ಲೇ ಇದ್ದಿರಬೇಕು. ಅವರು ಹೇಳಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಹೆಂಗಸು ಬಾಯಿಗೆ ಬಂದದ್ದನ್ನು ನುಂಗಿ, ಹತ್ತಿಯ ಡಬ್ಬಿ ಎತ್ತಿಕೊಂಡು ಆಚೆ ಹೋದರು. ಆಯಮ್ಮನಿಗೆ ಬೈಗುಳಕ್ಕಿಂತ ಅದು ಹೆಚ್ಚು ನೋವಾಯಿತು.

ಜ್ವರ ಇಳಿದ ಮೇಲೆ ಅರಿವಳಿಕೆ. ಮಂಪರು ಹಿಡಿಯುವವರೆಗೆ ತಲೆ ಹಿಡಿಯಲು ಬೇರೆಯವರು ಬರಲಿ ಎಂದರು ಡಾಕ್ಟರಮ್ಮ. ಆಯಮ್ಮ ಕೇಳಲಿಲ್ಲ. ಹೋದ ಸಲ ಕನ್ನಡಿ ಕೇಳಿದ್ದ ಮಗು ಈ ಸಲ ಹೆಬ್ಬೆರಳು ಕಚ್ಚಿತು. ಅಳಿದುಳಿದ ಹಲ್ಲುಗಳಿಂದ, ಗೆಣ್ಣಿನವರೆಗೂ. ಅವಳು ಬಿಡಿಸಿಕೊಳ್ಳಲಿಲ್ಲ. ಎಚ್ಚರವಾದ ಮೇಲೆ ಅದು ಬಾಯಿ ತೆರೆಯಲಿಲ್ಲ. ಮನೆಗೆ ಹೋದ ಮೇಲೂ ಅಂಗೈಯನ್ನು ತುಟಿಯ ಮೇಲೆ ಮುಚ್ಚಿಯೇ ಮಾತಾಡುವುದು, ಕೈ ಅಡ್ಡ ಇಟ್ಟೇ ನಗುವುದು. ಕೆಳಗಿನ ಮನೆಯವರು ಸಮಾಧಾನಕ್ಕೆ "ಹಾಲುಹಲ್ಲು ತಾನೇ, ಹೇಗೂ ಬೀಳೋದು" ಅಂದರು. ಎಲ್ಲರೂ ಅನ್ನುವ ಮಾತು. ಆಯಮ್ಮ ಆ ಮಾತಿಗೆ ಎಷ್ಟು ತಾಯಂದಿರನ್ನು ಗದರಿದ್ದಳೋ, ಅವತ್ತು ತಲೆಯಾಡಿಸಿದಳು.

ಮಾರನೆಯ ದಿನ ಅವಳು ಇರುವೆಯ ಕಾರ್ಡು ತೆಗೆದು ಮೂಲೆಯಲ್ಲಿ ಚುಕ್ಕಿ ಇಟ್ಟಳು. ಪೆನ್ಸಿಲ್ ಕಾಗದ ತೂತು ಮಾಡಿ ಕೆಳಗಿನ ಕಾರ್ಡಿಗೂ ತಾಗಿತು. ಆಮೇಲೆ ಕೆಳಗಿನದಕ್ಕೂ ಇಟ್ಟಳು. ಅದರ ಕೆಳಗಿನದಕ್ಕೂ. ಆ ತಿಂಗಳ ಮೂವತ್ತನಾಲ್ಕು ಕಾರ್ಡಿಗೂ ಚುಕ್ಕಿ ಬಿತ್ತು.

ತಿಂಗಳ ಕೊನೆಗೆ ಡಾಕ್ಟರಮ್ಮ ಕಟ್ಟು ಹಿಡಿದು ಬಂದರು. "ಎಲ್ಲದಕ್ಕೂ ಇಟ್ಟಿದ್ದೀರಲ್ಲ ಆಯಮ್ಮ. ಇದರಲ್ಲಿ ನಾನು ಯಾರನ್ನ ಕರೀಲಿ?"

"ಎಲ್ಲರನ್ನೂ ಕರೀರಿ ಮೇಡಂ."

"ಎಂಟೇ ಜಾಗ ಇರೋದು, ನಿಮಗೆ ಗೊತ್ತಿಲ್ವಾ?"

"ಗೊತ್ತು. ಬಾಯಿ ಮೂವತ್ತನಾಲ್ಕು. ಇದರಲ್ಲಿ ಅಳದೇ ಇರೋ ಮಗು ಯಾವುದು ತೋರಿಸಿ, ಅದರ ಚುಕ್ಕಿ ಅಳಿಸ್ತೀನಿ."

ಡಾಕ್ಟರಮ್ಮ ಕೆಟ್ಟವರಲ್ಲ. ಮೂರನೇ ಕುರ್ಚಿ ಬೇಕು, ಇನ್ನೊಬ್ಬ ಡಾಕ್ಟರು ಬೇಕು ಎಂದು ಐದು ಸಲ ಅರ್ಜಿ ಬರೆದವರು. ಅವರು ರಬ್ಬರು ಮೇಜಿನ ಮೇಲಿಟ್ಟರು. ಆಯಮ್ಮ ಮುಟ್ಟಲಿಲ್ಲ. ಕೊನೆಗೆ ಅವರೇ ಹಾಳೆಯ ಅಂಕ ಕೂಡಿಸಿ ಎಂಟನ್ನು ಆರಿಸಿದರು, ಉಳಿದ ಇಪ್ಪತ್ತಾರು ಚುಕ್ಕಿ ಉಜ್ಜಿ ತೆಗೆದರು. ಎರಡು ಸಲ ಹಲ್ಲು ಕೀಳಿಸಿಕೊಂಡ ಮಗುವಿಗೆ ಹಾಳೆಯಲ್ಲೂ ಅಂಕ ಹೆಚ್ಚು, ಹಾಗಾಗಿ ಇರುವೆಗೆ ಈ ಸಲ ಜಾಗ ಸಿಕ್ಕಿತು. ಕಾಪಾಡಲು ಹೆಚ್ಚೇನೂ ಉಳಿಯದ ಬಾಯಿಗೆ ಮೂರು ತಿಂಗಳ ತಾರೀಕು.

ಅಷ್ಟರಲ್ಲಿ ಮಗಳು ಕಾರ್ಖಾನೆಯ ಹತ್ತಿರವೇ ಕೋಣೆ ಹಿಡಿದು ಮಗುವನ್ನು ಕರೆದುಕೊಂಡು ಹೋಗಿದ್ದಳು. ಜಗಳವಾಗಲಿಲ್ಲ. "ನಿನ್ನಿಂದಾಗಲ್ಲಮ್ಮ, ನಿಂಗೂ ವಯಸ್ಸಾಯ್ತು" ಎಂದು ಮೆತ್ತಗೆ ಹೇಳಿ ಪಾತ್ರೆ ಕಟ್ಟಿಕೊಂಡಳು. ಅಲ್ಲಿ ಅದನ್ನು ಯಾರು ನೋಡಿಕೊಳ್ಳುತ್ತಾರೆ, ಅತ್ತರೆ ಏನು ಕೊಡುತ್ತಾರೆ, ಆಯಮ್ಮನಿಗೆ ಗೊತ್ತಿಲ್ಲ. ಕೇಳುವ ಹಕ್ಕು ಎಲ್ಲಿದೆ?

ತಾರೀಕಿನ ದಿನ ಅವಳು ಬೆಳಗಿನಿಂದ ಮೆಟ್ಟಿಲ ಕಡೆಯೇ ನೆಲ ಒರೆಸಿದಳು. ಒಂದೇ ಜಾಗವನ್ನು ನಾಲ್ಕು ಸಲ. ಇರುವೆಯನ್ನು ಬಿಟ್ಟು ಉಳಿದ ಏಳು ಮಕ್ಕಳಲ್ಲಿ ಮೂರು ಬಂದವು. ಬಾರದ ತಾಯಂದಿರ ಮೇಲೆ ಅವಳಿಗೆ ಸಿಟ್ಟಿಲ್ಲ. ರಜೆ ಕೇಳಿದರೆ ನಾಳೆಯಿಂದ ಬರಬೇಡ ಎನ್ನುವ ಮೇಸ್ತ್ರಿಗಳ ಕೈಕೆಳಗೆ ದುಡಿಯುವವರು ಅವರು. ಮಧ್ಯಾಹ್ನ ಒಂದರವರೆಗೆ ಡಾಕ್ಟರಮ್ಮ ಎಂಟನೆಯ ನಂಬರನ್ನು ಮೂರು ಸಲ ಕೂಗಿಸಿದರು. ಕೂಗಿದ್ದು ದೊಡ್ಡ ನರ್ಸ್, ಎಂದಿಗಿಂತ ಗಟ್ಟಿಯಾಗಿ, ಮೆಟ್ಟಿಲ ಬುಡಕ್ಕೂ ಕೇಳುವಂತೆ. ಯಾರೂ ಹತ್ತಿ ಬರಲಿಲ್ಲ.

ಬಾರದವರ ಕಾರ್ಡಿಗೆ ಮುದ್ರೆ ಒತ್ತುವ ಕೆಲಸ ಆಯಮ್ಮನದು. ಮರದ ಹಿಡಿಯ ಹಳೆಯ ಮುದ್ರೆ, ನೇರಳೆ ಶಾಯಿ. ನಾಲ್ಕು ಕಾರ್ಡಿಗೆ ಒತ್ತಿದಳು. ಐದನೆಯದರ ಮೂಲೆಯಲ್ಲಿ ತೂತಿತ್ತು. ಸ್ವಲ್ಪ ಹೊತ್ತು ಬಾಗಿಲು ನೋಡಿದಳು.

"ಇರಲಿ ಬಿಡೇ, ಸಂಜೆವರೆಗೆ ನೋಡೋಣ" ಎಂದರು ದೊಡ್ಡ ನರ್ಸ್.

"ಸಂಜೆ ಅದು ಅಳೋ ಹೊತ್ತು ಸಿಸ್ಟರ್" ಎಂದಳು ಆಯಮ್ಮ. ಮುದ್ರೆಯನ್ನು ಶಾಯಿಗೆ ಅದ್ದಿ, ಮೊಮ್ಮಗಳ ಕಾರ್ಡಿನ ಮೇಲೆ ನೇರವಾಗಿ ಇಟ್ಟು ಒತ್ತಿದಳು: ಬಂದಿಲ್ಲ.